ಹಳೆಯ ಗ್ರಿಲ್‌ಗೆ ಹೊಸ ಪ್ರೊಪೇನ್ ಸಿಲಿಂಡರ್: ಅಡಾಪ್ಟರ್ ಬಿಟ್ಟು ರೆಗ್ಯುಲೇಟರನ್ನೇ ಬದಲಿಸಿದೆ

ಹೊಸ ಸಿಲಿಂಡರಿನ ಬಾಯಿ ಹೊಂದುವುದಿಲ್ಲ ಎಂಬ ಒಂದೇ ಕಾರಣಕ್ಕೆ ಗಟ್ಟಿಮುಟ್ಟಾದ ಹಳೆಯ ಗ್ಯಾಸ್ ಗ್ರಿಲ್‌ಗಳನ್ನು ಜನ ರಸ್ತೆ ಬದಿಗೆ ತಂದಿಡುವುದನ್ನು ನೋಡಿದಾಗ ನನ್ನ ಹೊಟ್ಟೆ ಚುರುಕ್ ಎನ್ನುತ್ತದೆ. ಓಹಾಯೋದಲ್ಲಿ ನಾವು ಕೊಂಡ ಮನೆಯ ಹಿತ್ತಲಿನಲ್ಲೂ ಹಿಂದಿನ ಮಾಲೀಕರು ಅಂಥದ್ದೊಂದನ್ನು ಬಿಟ್ಟುಹೋಗಿದ್ದರು. 1980ರ ದಶಕದ ಕೊನೆಯಲ್ಲಿ ತಯಾರಾದದ್ದು. ದಪ್ಪ ಎರಕದ ಅಲ್ಯೂಮಿನಿಯಂ ಪೆಟ್ಟಿಗೆ, ಎಲ್ಲಿಯೂ ತುಕ್ಕಿಲ್ಲ. ಒಮ್ಮೆ ಕಾದರೆ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ. ಗೊಜ್ಜಿಗೆ ಬದನೆಕಾಯಿ ಸುಡಲು, ಜೋಳದ ತೆನೆ ಸುಡಲು ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ಅದನ್ನು ಉಳಿಸಿಕೊಳ್ಳಲು ನಾನು ಮಾಡಿದ ಕೆಲಸವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ, ಏಕೆಂದರೆ ನಮ್ಮ ಕನ್ನಡ ಕೂಟದ ಗೆಳೆಯರು ಇದನ್ನೇ ಮತ್ತೆ ಮತ್ತೆ ಕೇಳುತ್ತಾರೆ.

ಮೊದಲು ತೊಡಕು ಎಲ್ಲಿದೆ ಎಂದು ನೋಡೋಣ. ಹಳೆಯ ಗ್ರಿಲ್‌ಗಳ ರೆಗ್ಯುಲೇಟರಿನ ತುದಿಯಲ್ಲಿ ಪಿಒಎಲ್ ಎಂಬ ಹಿತ್ತಾಳೆಯ ಜೋಡಣೆ ಇರುತ್ತದೆ. ದುಂಡನೆಯ ಮೂತಿ, ಅದರ ಹಿಂದೆ ಸಿಲಿಂಡರಿನ ವಾಲ್ವ್ ಒಳಗೆ ಕೂರುವ ಥ್ರೆಡ್. ಈ ಥ್ರೆಡ್ ಉಲ್ಟಾ: ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ, ಬಲಕ್ಕೆ ತಿರುಗಿಸಿದರೆ ಸಡಿಲವಾಗುತ್ತದೆ. ಸ್ಪ್ಯಾನರ್ ಇಲ್ಲದೆ ಕೆಲಸ ಆಗದು. 1990ರ ದಶಕದ ನಡುಭಾಗದಿಂದ ಬಂದ ಗ್ರಿಲ್‌ಗಳಲ್ಲಿ ಇದರ ಬದಲು ಕೈಯಿಂದಲೇ ಬಿಗಿ ಮಾಡುವ ದೊಡ್ಡ ಪ್ಲಾಸ್ಟಿಕ್ ನಟ್ ಇದೆ. ಅದಕ್ಕೆ ಟೈಪ್-1 ಅಥವಾ ಕ್ಯೂಸಿಸಿ-1 ಎನ್ನುತ್ತಾರೆ. ಅದು ವಾಲ್ವಿನ ಹೊರಮೈಯಲ್ಲಿರುವ ಅಗಲವಾದ ಥ್ರೆಡ್ ಮೇಲೆ ಕೂರುತ್ತದೆ ಮತ್ತು ಎಲ್ಲ ನಟ್‌ಗಳಂತೆ ಬಲಕ್ಕೆ ಬಿಗಿಯಾಗುತ್ತದೆ.

ಗ್ರಿಲ್ ಜೊತೆಗೇ ಬಂದ ಹಳೆಯ ಸಿಲಿಂಡರನ್ನು ತುಂಬಿಸಿಕೊಂಡರೆ ಆಯಿತಲ್ಲ ಎಂದು ಕೇಳಬಹುದು. ಅದರ ವಾಲ್ವ್ ತಿರುಗಿಸುವ ಹಿಡಿ ದುಂಡಗಿತ್ತು. ಈಗ ಮನೆಬಳಕೆಯ ಸಿಲಿಂಡರುಗಳಲ್ಲಿ ಅದು ಮೂರು ಮೂಲೆಯದು. ಅದರ ಮೇಲೆ ಒಪಿಡಿ ಎಂಬ ಅಕ್ಷರಗಳು ಇರುತ್ತವೆ. ಒಪಿಡಿ ಎಂದರೆ ಸಿಲಿಂಡರಿನ ಒಳಗಿರುವ ಒಂದು ಫ್ಲೋಟ್. ದ್ರವ ಶೇ. 80ರ ಮಟ್ಟಕ್ಕೆ ಬಂದಾಗ ಅದು ಮೇಲೆದ್ದು ಒಳಹರಿವನ್ನು ಮುಚ್ಚುತ್ತದೆ. ಉಳಿದ ಜಾಗ ಬಿಸಿಲಿಗೆ ಹಿಗ್ಗುವ ಪ್ರೊಪೇನ್‌ಗೆ ಬೇಕೇ ಬೇಕು. 1998ರ ಸೆಪ್ಟೆಂಬರ್ 30ರ ನಂತರ ತಯಾರಾಗುವ 4ರಿಂದ 40 ಪೌಂಡಿನ ಸಿಲಿಂಡರುಗಳಿಗೆ ಇದು ಕಡ್ಡಾಯವಾಯಿತು. 2002ರ ಏಪ್ರಿಲ್ 1ರಿಂದ ಇದಿಲ್ಲದ ಹಳೆಯವನ್ನು ತುಂಬಿಸುವುದೂ ನಿಂತಿತು. ಹಾಗಾಗಿ ಹೊಸ ಸಿಲಿಂಡರ್ ಕೊಳ್ಳದೆ ದಾರಿಯಿಲ್ಲ.

ಇಲ್ಲಿಂದ ಮುಂದೆ ಮೂರು ದಾರಿಗಳಿವೆ. ಈಗಿನ ಹಲವು ಸಿಲಿಂಡರ್ ವಾಲ್ವ್‌ಗಳಲ್ಲಿ ಹೊರಗಿನ ಅಗಲ ಥ್ರೆಡ್ ಜೊತೆಗೆ ಒಳಗೆ ಹಳೆಯ ಉಲ್ಟಾ ಥ್ರೆಡ್ ಕೂಡ ಇರುತ್ತದೆ. ಟಾರ್ಚ್ ಹಾಕಿ ಬಾಯಿಯೊಳಗೆ ನೋಡಿದರೆ ಕಾಣುತ್ತದೆ. ಅಂಥದ್ದಾದರೆ ಹಳೆಯ ಪಿಒಎಲ್ ಅದರೊಳಗೆ ನೇರವಾಗಿ ಕೂರುತ್ತದೆ, ಗ್ರಿಲ್ ಉರಿಯುತ್ತದೆ. ಒಳ ಥ್ರೆಡ್ ಇಲ್ಲದಿದ್ದರೆ ಒಂದು ಕಡೆ ದೊಡ್ಡ ನಟ್, ಇನ್ನೊಂದು ಕಡೆ ಪಿಒಎಲ್ ಬಾಯಿ ಇರುವ ಅಡಾಪ್ಟರ್ ಸಿಗುತ್ತದೆ. ಮೂರನೆಯದು ಹಳೆಯ ರೆಗ್ಯುಲೇಟರ್ ಮತ್ತು ರಬ್ಬರ್ ಪೈಪನ್ನು ಪೂರ್ತಿ ತೆಗೆದು ಟೈಪ್-1 ನಟ್ ಇರುವ ಹೊಸ ಜೋಡಿಯನ್ನು ಹಾಕುವುದು. ನಾನು ಮೂರನೆಯದನ್ನು ಆರಿಸಿಕೊಂಡೆ. ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಹೊಸ ಸಿಲಿಂಡರ್ ತಂದರೆ ಅದರ ಸುರಕ್ಷತೆಯೆಲ್ಲ ತಾನಾಗಿ ಬರುತ್ತದೆ ಎಂದು ಹಲವರು ನಂಬಿದ್ದಾರೆ. ಅರ್ಧ ಮಾತ್ರ ಬರುತ್ತದೆ. ಉಳಿದರ್ಧ ಗ್ರಿಲ್ ಕಡೆಯ ಆ ದೊಡ್ಡ ನಟ್‌ನಲ್ಲಿದೆ. ಅದನ್ನು ಕೈಯಲ್ಲಿ ಹಿಡಿದು ನೋಡಿ. ನಡುವೆ ಹಿತ್ತಾಳೆಯ ಮೂತಿ, ಸುತ್ತ ಪ್ಲಾಸ್ಟಿಕ್. ಹತ್ತಿರದಲ್ಲಿ ಬೆಂಕಿ ಹೊತ್ತಿಕೊಂಡು ಶಾಖ ಸುಮಾರು 115ರಿಂದ 150 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ ಈ ಪ್ಲಾಸ್ಟಿಕ್ ಮೆತ್ತಗಾಗಿ ಹಿಡಿತ ಬಿಡುತ್ತದೆ. ಆಗ ವಾಲ್ವಿನೊಳಗಿನ ಸ್ಪ್ರಿಂಗ್ ಮೂತಿಯನ್ನು ಹಿಂದಕ್ಕೆ ತಳ್ಳಿ ಗ್ಯಾಸನ್ನು ಮುಚ್ಚುತ್ತದೆ. ಮೂತಿಯೊಳಗೆ ಇನ್ನೊಂದು ಪುಟ್ಟ ತಡೆ ಇದೆ. ಪೈಪ್ ಹರಿದು ಗ್ಯಾಸ್ ನುಗ್ಗತೊಡಗಿದರೆ ಅದು ಹರಿವನ್ನು ಗಂಟೆಗೆ ಸುಮಾರು 10 ಘನ ಅಡಿಗೆ ಇಳಿಸಿಬಿಡುತ್ತದೆ. ಹಳೆಯ ಪಿಒಎಲ್ಲನ್ನು ನೇರವಾಗಿ ತಿರುಪಿದರೆ ಕರಗುವ ನಟ್ ಇಲ್ಲವೇ ಇಲ್ಲ. ಹರಿವನ್ನು ತಡೆಯುವ ಅಂಗ ಹಳೆಯ ಬಹಳಷ್ಟು ಮೂತಿಗಳಲ್ಲಿ ಇರುತ್ತಲೇ ಇರಲಿಲ್ಲ. ಅಡಾಪ್ಟರ್ ಹಾಕಿದರೆ ಸೋರಬಹುದಾದ ಕೀಲು ಒಂದು ಹೆಚ್ಚುತ್ತದೆ, ರೆಗ್ಯುಲೇಟರಿನ ಭಾರವೂ ಸಿಲಿಂಡರಿನಿಂದ ದೂರಕ್ಕೆ ಚಾಚಿ ನೇತಾಡುತ್ತದೆ.

ಅದಕ್ಕಿಂತ ಮುಖ್ಯವಾದದ್ದು ರೆಗ್ಯುಲೇಟರಿನ ವಯಸ್ಸು. ಬೇಸಿಗೆಯ ದಿನ ಸಿಲಿಂಡರಿನೊಳಗಿನ ಒತ್ತಡ ಚದರ ಇಂಚಿಗೆ 100 ಪೌಂಡ್ ದಾಟಿರುತ್ತದೆ. ಗ್ರಿಲ್‌ಗೆ ಬೇಕಾದದ್ದು 11 ಇಂಚು ನೀರಿನ ಒತ್ತಡ, ಅಂದರೆ ಅರ್ಧ ಪೌಂಡಿಗಿಂತಲೂ ಕಡಿಮೆ. ಇಷ್ಟು ದೊಡ್ಡ ಅಂತರವನ್ನು ತಡೆದು ನಿಲ್ಲಿಸುವುದು ಒಂದು ತೆಳು ರಬ್ಬರ್ ಪೊರೆ. ದಶಕಗಳ ಕಾಲ ಹಿಮ, ಬಿಸಿಲು ಉಂಡ ಆ ಪೊರೆಯನ್ನು ನಂಬಿ ಮಕ್ಕಳು ಓಡಾಡುವ ಹಿತ್ತಲಿನಲ್ಲಿ ಬೆಂಕಿ ಹಚ್ಚಲು ನಾನು ಸಿದ್ಧನಿರಲಿಲ್ಲ. ನಮ್ಮ ಊರಿನಲ್ಲಿ ಗ್ಯಾಸ್ ಒಲೆಯ ಕಿತ್ತಳೆ ಬಣ್ಣದ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಿ ಎಂದು ಹೇಳುತ್ತಾರೆ. ಇಲ್ಲಿ ಮಾತ್ರ ಯಾಕೆ ಮೂವತ್ತು ವರ್ಷ ಎಳೆಯಬೇಕು?

ಕೆಲಸ ಶುರುವಾಗುವುದು ಗ್ರಿಲ್‌ನ ಹೊಟ್ಟೆಯ ಕೆಳಗೆ, ಪೈಪ್ ಬಂದು ಬರ್ನರ್ ನಾಬ್‌ಗಳ ಹಿತ್ತಾಳೆ ಕೊಳವೆಗೆ ಸೇರುವ ಜಾಗದಲ್ಲಿ. ನನ್ನದರಲ್ಲಿ ಅದು 3/8 ಇಂಚಿನ ಫ್ಲೇರ್ ಜೋಡಣೆ. ಹೊಸ ಪೈಪುಗಳ ತುದಿಯಲ್ಲಿ ಸಾಮಾನ್ಯವಾಗಿ ಇರುವುದೂ ಅದೇ, ಹಾಗಾಗಿ ಅಳತೆಯ ತಲೆನೋವು ಬರಲಿಲ್ಲ. ಕೊಳ್ಳುವ ಮುಂಚೆ ಈ ತುದಿಯನ್ನು ನೋಡಿಕೊಳ್ಳಲೇಬೇಕು. ಕೆಲವು ಹಳೆಯ ಗ್ರಿಲ್‌ಗಳಲ್ಲಿ ಪೈಪ್ ಕೊಳವೆಗೇ ಕಾಯಂ ಆಗಿ ಬೆಸೆದುಕೊಂಡಿರುತ್ತದೆ. ನಟ್ ಹಸಿರುಗಟ್ಟಿತ್ತು. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಒಂದು ಸ್ಪ್ಯಾನರಿನಿಂದ ಕೊಳವೆಯ ಕಡೆಯ ಹಿತ್ತಾಳೆಯನ್ನು ಅಲುಗದಂತೆ ಹಿಡಿದು, ಇನ್ನೊಂದರಿಂದ ನಟ್ ತಿರುಗಿಸಿದೆ. ಒಂದೇ ಸ್ಪ್ಯಾನರ್ ಹಾಕಿ ಎಳೆದರೆ ಕೊಳವೆಯೇ ತಿರುಚಿಕೊಳ್ಳುತ್ತದೆ, ಆಗ ಗ್ರಿಲ್ ಕಥೆ ಮುಗಿದಂತೆ. ಈ ತುದಿಯಲ್ಲಿ ಥ್ರೆಡ್ ಮಾಮೂಲಿನದೇ, ಉಲ್ಟಾ ಇರುವುದು ಸಿಲಿಂಡರಿನ ಕಡೆ ಮಾತ್ರ.

ಫ್ಲೇರ್ ಬಿಗಿಯುವಾಗ ಟೇಪು, ಪೇಸ್ಟು ಯಾವುದನ್ನೂ ಹಚ್ಚಬಾರದು. ಗ್ಯಾಸನ್ನು ತಡೆಯುವುದು ಥ್ರೆಡ್ ಅಲ್ಲ, 45 ಡಿಗ್ರಿ ಇಳಿಜಾರಿನಲ್ಲಿ ಹಿತ್ತಾಳೆಗೆ ಹಿತ್ತಾಳೆ ಕೂರುವ ಮುಖಗಳು. ಬಟ್ಟೆಯಿಂದ ಆ ಮುಖವನ್ನು ಒರೆಸಿ, ಗೀರಿಲ್ಲವೆಂದು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಬಿಗಿಮಾಡಿದೆ. ಪೈಪ್ ಬಿಸಿ ಪೆಟ್ಟಿಗೆಯನ್ನು ತಾಕದಂತೆ, ಜಿಡ್ಡು ತೊಟ್ಟಿಕ್ಕುವ ತೂತಿನ ಕೆಳಗೆ ಹಾಯದಂತೆ ಬದಿಗೆ ಸುತ್ತಿಸಿದೆ. ರೆಗ್ಯುಲೇಟರ್ ಮೇಲಿನ ಗಾಳಿಯಾಡುವ ಸಣ್ಣ ರಂಧ್ರ ಕೆಳಮುಖವಾಗಿರಬೇಕು, ಇಲ್ಲವಾದರೆ ಮಳೆ ನೀರು, ಹುಳು ಒಳಗೆ ಸೇರುತ್ತವೆ. ಗ್ಯಾಸ್ ಹೊರಬರುವ ಬರ್ನರ್ ತೂತುಗಳನ್ನು ಬದಲಿಸುವ ಅಗತ್ಯ ಬರಲಿಲ್ಲ. ಒತ್ತಡ ಮೊದಲಿದ್ದ 11 ಇಂಚೇ.

ಬಿಚ್ಚಿದ್ದೇ ಆಯಿತೆಂದು ಬರ್ನರುಗಳನ್ನೂ ಹೊರತೆಗೆದೆ. ಗಾಳಿ ಮತ್ತು ಗ್ಯಾಸ್ ಬೆರೆಯುವ ಕೊಳವೆಯಲ್ಲಿ ಜೇಡ ಬಲೆ ಕಟ್ಟಿತ್ತು. ಪ್ರೊಪೇನ್‌ಗೆ ಬೆರೆಸುವ ಮರ್ಕ್ಯಾಪ್ಟನ್ ವಾಸನೆಗೆ ಜೇಡಗಳು ಬರುತ್ತವೆ ಎನ್ನುವವರಿದ್ದಾರೆ. ಕಾರಣ ಏನೇ ಇರಲಿ, ಕೊಳವೆ ಕಟ್ಟಿಕೊಂಡರೆ ಗ್ಯಾಸ್ ಹಿಂದಕ್ಕೆ ಹರಿದು ನಾಬ್‌ಗಳ ಬಳಿ ಬೆಂಕಿ ಹತ್ತಬಹುದು. ಉದ್ದ ಬ್ರಷ್ ಹಾಕಿ ಉಜ್ಜಿದೆ. ಮರಳಿ ಕೂರಿಸುವಾಗ ಕೊಳವೆಯ ಬಾಯಿ ಗ್ಯಾಸ್ ತೂತಿನ ಮೇಲೆ ಪೂರ್ತಿ ಇಳಿದಿದೆಯೇ ಎಂದು ಕೈಹಾಕಿ ನೋಡಿದೆ.

ನಂತರ ಸೋರಿಕೆ ಪರೀಕ್ಷೆ. ಪಾತ್ರೆ ತೊಳೆಯುವ ದ್ರವ ಮತ್ತು ನೀರು ಸಮಸಮ ಬೆರೆಸಿ, ನಾಬ್‌ಗಳನ್ನೆಲ್ಲ ಮುಚ್ಚಿ, ಸಿಲಿಂಡರಿನ ಹಿಡಿಯನ್ನು ನಿಧಾನವಾಗಿ ತಿರುಗಿಸಿ ತೆರೆದು, ಪ್ರತಿ ಕೀಲಿಗೂ ಬ್ರಷ್‌ನಿಂದ ಹಚ್ಚಿದೆ. ಗುಳ್ಳೆ ಏಳಲಿಲ್ಲ. ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಸೋರಿದರೆ ನೆಲದಲ್ಲೇ ಹರಡಿಕೊಳ್ಳುತ್ತದೆ. ಈ ಪರೀಕ್ಷೆಯನ್ನು ಬಯಲಿನಲ್ಲಿ, ಹತ್ತಿರ ಯಾವ ಕಿಡಿಯೂ ಇಲ್ಲದೆ ಮಾಡಬೇಕು.

ಹೊಸ ಜೋಡಣೆಗೆ ಬದಲಾಗುವ ಎಲ್ಲರಿಗೂ ಒಂದು ಗೊಂದಲ ಕಾದಿರುತ್ತದೆ. ಗ್ರಿಲ್ ಹೊತ್ತುತ್ತದೆ, ಆದರೆ ಜ್ವಾಲೆ ಚಿಕ್ಕದು, ಶಾಖ ಏರುವುದೇ ಇಲ್ಲ. ರೆಗ್ಯುಲೇಟರ್ ಕೆಟ್ಟಿದೆ ಎಂದು ಅಂಗಡಿಗೆ ಹಿಂದಿರುಗಿಸುತ್ತಾರೆ. ಬಹುತೇಕ ಸಲ ಅದು ಕೆಟ್ಟಿರುವುದಿಲ್ಲ. ನಾಬ್ ತೆರೆದಿಟ್ಟುಕೊಂಡು ಸಿಲಿಂಡರ್ ತೆರೆದರೆ ಅಥವಾ ಅದರ ಹಿಡಿಯನ್ನು ಸರ್ರನೆ ತಿರುಗಿಸಿದರೆ ಗ್ಯಾಸ್ ಒಮ್ಮೆಲೇ ನುಗ್ಗುತ್ತದೆ, ಮೂತಿಯೊಳಗಿನ ತಡೆ ಅದನ್ನು ಸೋರಿಕೆಯೆಂದೇ ತಿಳಿದು ಹರಿವನ್ನು ಹಿಡಿಯುತ್ತದೆ. ಎಲ್ಲ ಮುಚ್ಚಿ, ನಟ್ ಬಿಚ್ಚಿ, ಕೆಲ ನಿಮಿಷ ಬಿಟ್ಟು ಮತ್ತೆ ಜೋಡಿಸಿ, ಮುಚ್ಚಳ ಎತ್ತಿಟ್ಟು, ಸಿಲಿಂಡರನ್ನು ನಿಧಾನವಾಗಿ ತೆರೆಯಿರಿ. ಒಂದೆರಡು ಉಸಿರಿನಷ್ಟು ಹೊತ್ತು ಕಾದು ಒಂದು ನಾಬ್ ಮಾತ್ರ ತಿರುಗಿಸಿ ಹೊತ್ತಿಸಿ. ಜ್ವಾಲೆ ನೀಲಿಯಾಗಿ, ತುಂಬಿಕೊಂಡು ಬರುತ್ತದೆ. ಆರಿಸುವಾಗ ಮೊದಲು ಸಿಲಿಂಡರ್, ಆಮೇಲೆ ನಾಬ್ ಎಂಬ ಅಭ್ಯಾಸದವರು ಮುಂದಿನ ಸಲ ಹೊತ್ತಿಸುವ ಮುನ್ನ ಎಲ್ಲ ನಾಬ್ ಮುಚ್ಚಿವೆಯೇ ಎಂದು ನೋಡಿಕೊಳ್ಳಬೇಕು.

ಹಳೆಯ ಸಿಲಿಂಡರನ್ನು ಕಸದ ಗಾಡಿಗೆ ಹಾಕಬೇಡಿ. ಖಾಲಿ ಕೊಟ್ಟು ತುಂಬಿದ್ದನ್ನು ಪಡೆಯುವ ಅಂಗಡಿಗಳಲ್ಲಿ ಹಳೆಯ ವಾಲ್ವಿನದನ್ನೂ ತೆಗೆದುಕೊಳ್ಳುತ್ತಾರೆ. ನನಗೆ ಮೊದಲ ಒಪಿಡಿ ಸಿಲಿಂಡರ್ ಸಿಕ್ಕಿದ್ದೇ ಹಾಗೆ. ಆದರೆ ಅಲ್ಲಿ 20 ಪೌಂಡಿನ ಸಿಲಿಂಡರಿಗೆ ಸಾಮಾನ್ಯವಾಗಿ 15 ಪೌಂಡಿನಷ್ಟೇ ಗ್ಯಾಸ್ ತುಂಬಿರುತ್ತಾರೆ. ಆದ್ದರಿಂದ ಮೊದಲ ಸಲ ಬದಲಿಸಿಕೊಂಡು, ಆಮೇಲೆ ಅದನ್ನೇ ತುಂಬಿಸುವ ಕೇಂದ್ರಕ್ಕೆ ಒಯ್ಯುತ್ತಿದ್ದೇನೆ. ಬದಲಿಸಿಕೊಳ್ಳುವಾಗ ಕತ್ತಿನ ಪಟ್ಟಿಯ ಮೇಲೆ ಒತ್ತಿರುವ ತಯಾರಿಕೆಯ ತಿಂಗಳು, ವರ್ಷ ನೋಡಿ, ಹೊಸದಾದದ್ದನ್ನೇ ಕೇಳಿ ಪಡೆಯಿರಿ. 12 ವರ್ಷ ಕಳೆದದ್ದನ್ನು ಮರುಪರೀಕ್ಷೆಯ ಮುದ್ರೆ ಇಲ್ಲದೆ ಯಾರೂ ತುಂಬಿಸಿಕೊಡುವುದಿಲ್ಲ.