165 ಹರ್ಟ್ಜ್ ಮಾನಿಟರ್ ತಂದು ಒಂದು ತಿಂಗಳು 60ರಲ್ಲೇ ಆಡಿದೆ

ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ 165 ಹರ್ಟ್ಜ್ ಅಂತ ಬರೆದಿತ್ತು, ಅಂದರೆ ಸೆಕೆಂಡಿಗೆ 165 ಸಲ ಚಿತ್ರ ಬದಲಿಸಬಲ್ಲದು. 27 ಇಂಚು, 1440ಪಿ (2560 x 1440 ಚುಕ್ಕಿ). ನನ್ನದು ಎನ್‌ವಿಡಿಯಾದ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ಇರುವ ಹಳೇ ಲ್ಯಾಪ್‌ಟಾಪ್. ಅದರ ಸ್ವಂತ ಸ್ಕ್ರೀನ್ ಬರೀ 60 ಹರ್ಟ್ಜ್. ವ್ಯಾಲೊರಂಟ್ ಅನ್ನುವ ಶೂಟಿಂಗ್ ಗೇಮ್ ಆಡುವಾಗ ಮೂಲೆಯಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವ ಅಂಕಿ) 120ರ ಮೇಲೆ ಓಡುತ್ತಿತ್ತು, ಸ್ಕ್ರೀನ್ ಅದರಲ್ಲಿ ಅರ್ಧ ಮಾತ್ರ ತೋರಿಸುತ್ತಿತ್ತು. ಅದಕ್ಕೇ ದುಡ್ಡು ಕೂಡಿಟ್ಟು ಮಾನಿಟರ್ ತಂದೆ.

ಜೋಡಿಸಿ ಆಡಲು ಕೂತಾಗ ತಮ್ಮ ಹಿಂದೆ ನಿಂತು ನೋಡಿದ. "ದೊಡ್ಡದಾಗಿದೆ ಅಷ್ಟೇ ಅಣ್ಣ, ಬೇರೇನೂ ಗೊತ್ತಾಗ್ತಿಲ್ಲ" ಅಂದ. ನನಗೂ ಹಾಗೇ ಅನಿಸಿತ್ತು. ಆದರೆ ದುಡ್ಡು ಕೊಟ್ಟವನು ನಾನು, ಒಪ್ಪಿಕೊಳ್ಳುವುದು ಹೇಗೆ? "ಕಣ್ಣು ಹೊಂದ್ಕೋಬೇಕು ಕಣೋ" ಅಂದೆ. ಒಂದು ತಿಂಗಳು ಕಣ್ಣು ಹೊಂದಿಸಿಕೊಳ್ಳುತ್ತಲೇ ಇದ್ದೆ.

ನನ್ನನ್ನು ದಾರಿ ತಪ್ಪಿಸಿದ್ದು ಎಫ್‌ಪಿಎಸ್ ಅಂಕಿ. ಅದು 130 ತೋರಿಸುತ್ತಿದೆ, ಅಂದರೆ ಎಲ್ಲ ಸರಿಯಿದೆ ಅಂದುಕೊಂಡಿದ್ದೆ. ಆ ಅಂಕಿ ಹೇಳುವುದು ಕಾರ್ಡ್ ಸೆಕೆಂಡಿಗೆ ಎಷ್ಟು ಚಿತ್ರ ತಯಾರು ಮಾಡುತ್ತಿದೆ ಅನ್ನುವುದನ್ನು ಮಾತ್ರ. ಮಾನಿಟರ್ ಎಷ್ಟು ತೋರಿಸುತ್ತಿದೆ ಅಂತ ಗೇಮ್‌ನ ಆ ಮೂಲೆಗೆ ಗೊತ್ತಿರುವುದಿಲ್ಲ. ಅದನ್ನು ಮಾನಿಟರ್‌ನ್ನೇ ಕೇಳಬೇಕು.

ಒಂದು ರಾತ್ರಿ ಬೆಳಕು ಜಾಸ್ತಿಯಾಯಿತು ಅಂತ ಕಡಿಮೆ ಮಾಡಲು ಮಾನಿಟರ್ ಹಿಂದಿನ ಪುಟ್ಟ ಕಡ್ಡಿ ಒತ್ತಿದೆ. ಮೆನುವಿನಲ್ಲಿ ಇನ್ಫರ್ಮೇಶನ್ ಅನ್ನುವ ಪುಟ ಇತ್ತು. ಸುಮ್ನೆ ತೆರೆದೆ. 2560 x 1440, 60 ಹರ್ಟ್ಜ್. ತಮ್ಮ ಪಕ್ಕದಲ್ಲಿ ಇರಲಿಲ್ಲ, ಪುಣ್ಯ.

ವಿಂಡೋಸ್ ಸೆಟ್ಟಿಂಗ್ಸ್‌ಗೆ ಹೋದೆ. ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ. ಅಲ್ಲಿ ಮೇಲೆ ಯಾವ ಸ್ಕ್ರೀನ್ ಅಂತ ಆರಿಸುವ ಜಾಗ ಇದೆ. ಅದನ್ನು ಗಮನಿಸದೆ ಲ್ಯಾಪ್‌ಟಾಪ್ ಸ್ಕ್ರೀನಿನ ಪಟ್ಟಿಯನ್ನೇ ಹತ್ತು ನಿಮಿಷ ಬೈದುಕೊಂಡೆ. ಮಾನಿಟರ್ ಆರಿಸಿದ ಮೇಲೂ ಪಟ್ಟಿಯಲ್ಲಿ ಇದ್ದದ್ದು ಎರಡೇ: 59.94 ಮತ್ತು 60. ಸುಮಾರು ಜನರ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ. 144 ಅಲ್ಲೇ ಇರುತ್ತದೆ, ಯಾರೂ ಆರಿಸಿರುವುದಿಲ್ಲ ಅಷ್ಟೇ. ನನಗೆ ಆ ಭಾಗ್ಯ ಇರಲಿಲ್ಲ.

ಕಾರಣ ಮೇಜಿನ ಮೇಲೇ ಬಿದ್ದಿತ್ತು. ಆಫೀಸ್ ಕೆಲಸಕ್ಕೆ ಅಂತ ತಗೊಂಡಿದ್ದ ಯುಎಸ್‌ಬಿ ಸಿ ಹಬ್, ಒಂದೇ ಪೋರ್ಟನ್ನು ಹಲವು ಮಾಡುವ ಡಬ್ಬಿ. ಕೀಬೋರ್ಡ್, ಮೌಸ್, ಮಾನಿಟರ್ ಎಲ್ಲ ಅದಕ್ಕೇ ಚುಚ್ಚಿದ್ದೆ, ಒಂದೇ ವೈರ್ ಕಿತ್ತರೆ ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗಬಹುದು ಅಂತ. ಹಬ್ ತಿರುಗಿಸಿ ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ಸಣ್ಣಕ್ಷರದಲ್ಲಿ "4ಕೆ 30 ಹರ್ಟ್ಜ್" ಅಂತಿತ್ತು. ಅಂದರೆ ಅದರ ಒಳಗಿರುವುದು ಬಹುಶಃ ಎಚ್‌ಡಿಎಂಐ 1.4, ಮಾನಿಟರ್‌ಗೆ ಚಿತ್ರ ಕಳಿಸುವ ಸಂಪರ್ಕದ ಹಳೇ ಆವೃತ್ತಿ.

ಕರೆಂಟ್ ಬಿಲ್ಲಿನ ಹಿಂದೆ ಒಂದು ಲೆಕ್ಕ ಹಾಕಿದೆ. 2560ನ್ನು 1440ರಿಂದ ಗುಣಿಸಿದರೆ ಹತ್ತಿರ ಹತ್ತಿರ 37 ಲಕ್ಷ ಚುಕ್ಕಿ. ಒಂದೊಂದಕ್ಕೂ 24 ಬಿಟ್. ಸೆಕೆಂಡಿಗೆ 144 ಸಲ ಅಂದರೆ 12.7 ಗಿಗಾಬಿಟ್. 165 ಸಲ ಅಂದರೆ 14.6. ಎಚ್‌ಡಿಎಂಐ 1.4ರಲ್ಲಿ ಚಿತ್ರಕ್ಕೆ ಸಿಗುವುದು 8ಕ್ಕಿಂತ ಸ್ವಲ್ಪ ಜಾಸ್ತಿ, 2.0ರಲ್ಲಿ 14.4. ಹಬ್ ಯಾಕೆ 60ಕ್ಕೇ ನಿಂತಿತ್ತು ಅಂತ ಗೊತ್ತಾಯಿತು. ಮಾನಿಟರ್ ಜೊತೆ ಬಂದ ಪುಸ್ತಕದಲ್ಲಿ "ಎಚ್‌ಡಿಎಂಐಗೆ 144, ಡಿಸ್‌ಪ್ಲೇ ಪೋರ್ಟ್‌ಗೆ 165" ಅಂತ ಯಾಕೆ ಬೇರೆ ಬೇರೆ ಬರೆದಿದ್ದರು ಅಂತಲೂ ಗೊತ್ತಾಯಿತು. ಡಿಸ್‌ಪ್ಲೇ ಪೋರ್ಟ್ ಅಂದರೆ ಚಿತ್ರ ಕಳಿಸುವ ಇನ್ನೊಂದು ಬಗೆಯ ಸಂಪರ್ಕ. ಡಬ್ಬದ ಮೇಲೆ ಮಾತ್ರ ದೊಡ್ಡದನ್ನು ಬರೆಯುತ್ತಾರೆ, ಅಲ್ವಾ?

ಹಬ್ ಬಿಟ್ಟು ಲ್ಯಾಪ್‌ಟಾಪಿನ ಎಚ್‌ಡಿಎಂಐಗೇ ನೇರ ಹಾಕಿದೆ. ಪಟ್ಟಿಯಲ್ಲಿ 120, 144 ಬಂದವು. 144 ಆರಿಸಿ ಮೌಸ್ ಸುತ್ತಿಸಿದೆ. ಮೊದಲು ಬಾಣದ ಗುರುತು ಅಲ್ಲಲ್ಲಿ ಹಾರಿ ಹಾರಿ ಕಾಣುತ್ತಿತ್ತು, ಈಗ ಎಣ್ಣೆ ಹಾಕಿದಂತೆ ಜಾರಿತು. ಗೇಮ್ ಕೂಡ ಬೇಡ, ಅಷ್ಟರಲ್ಲೇ ಗೊತ್ತಾಗುತ್ತದೆ.

ಖುಷಿ ಹತ್ತು ನಿಮಿಷ. ಆಮೇಲೆ ಸ್ಕ್ರೀನ್ ಎರಡು ಸೆಕೆಂಡ್ ಕಪ್ಪಾಗಿ ವಾಪಸ್ ಬಂತು. ಸ್ವಲ್ಪ ಹೊತ್ತಿಗೆ ಮತ್ತೆ. ಡ್ರೈವರ್ ತೆಗೆದು ಹೊಸದಾಗಿ ಹಾಕಿದೆ, ವಿಂಡೋಸ್ ಅಪ್‌ಡೇಟ್ ಮಾಡಿದೆ, ಒಂದು ಭಾನುವಾರ ಪೂರ್ತಿ ಹೋಯಿತು. ಕೊನೆಗೆ 120ಕ್ಕೆ ಇಳಿಸಿದೆ. ಕಪ್ಪಾಗುವುದು ನಿಂತಿತು! ಆಗ ಕೇಬಲ್ ಮೇಲೆ ಅನುಮಾನ ಬಂತು. ಅದು ಟಿವಿಯ ಹಳೇ ಸೆಟ್‌ಟಾಪ್ ಬಾಕ್ಸ್ ಜೊತೆ ಬಂದಿದ್ದ ವೈರ್. ಕೇಬಲ್ ಸೊರಗಿದ್ದರೆ ಪಟ್ಟಿ ಚಿಕ್ಕದಾಗುತ್ತದೆ ಅಂತ ನಾನು ಅಂದುಕೊಂಡಿದ್ದೆ. ನನಗೆ ಆದದ್ದು ಹಾಗಲ್ಲ. ಪಟ್ಟಿ ಬರುವುದು ಎರಡೂ ಕಡೆಯ ಪೋರ್ಟ್‌ಗಳು ಒಪ್ಪಿಕೊಂಡಿದ್ದರ ಮೇಲೆ. ಕೇಬಲ್‌ಗೆ ತಾಕತ್ತಿಲ್ಲದಿದ್ದರೆ ಆಡುವಾಗ ನಡುವೆ ಕೈಕೊಡುತ್ತದೆ. "ಪ್ರೀಮಿಯಂ ಹೈ ಸ್ಪೀಡ್" ಅಂತ ಗುರುತಿರುವ, ಎರಡು ಮೀಟರಿಗಿಂತ ಉದ್ದವಿಲ್ಲದ ಕೇಬಲ್ ತಂದೆ. ಮತ್ತೆ ಕಪ್ಪಾಗಲಿಲ್ಲ.

ಇನ್ನು 165ರ ಆಸೆ. ಲ್ಯಾಪ್‌ಟಾಪಿನಲ್ಲಿ ಡಿಸ್‌ಪ್ಲೇ ಪೋರ್ಟ್ ಇಲ್ಲ. ಯುಎಸ್‌ಬಿ ಸಿ ಇಂದ ಡಿಸ್‌ಪ್ಲೇ ಪೋರ್ಟ್‌ಗೆ ಹೋಗುವ ಕೇಬಲ್ ಗೆಳೆಯನ ಹತ್ತಿರ ಇತ್ತು, ಇಸಕೊಂಡು ಹಾಕಿದೆ. 165 ಬಂತು. ಆದರೆ ಗೇಮ್‌ನಲ್ಲಿ ಎಫ್‌ಪಿಎಸ್ ಮೊದಲಿಗಿಂತ ಇಳಿಯಿತು. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಫಿಸ್‌ಎಕ್ಸ್ ಅನ್ನುವ ಪುಟ ಇದೆ, ಯಾವ ಸ್ಕ್ರೀನ್ ಯಾವ ಚಿಪ್‌ಗೆ ಅಂಟಿಕೊಂಡಿದೆ ಅಂತ ಗೆರೆ ಎಳೆದು ತೋರಿಸುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ ನೇರ ಎನ್‌ವಿಡಿಯಾಗೆ, ಯುಎಸ್‌ಬಿ ಸಿ ಪ್ರೊಸೆಸರ್ ಒಳಗಿನ ಇಂಟೆಲ್ ಗ್ರಾಫಿಕ್ಸ್‌ಗೆ. ಅಂದರೆ ಈ ದಾರಿಯಲ್ಲಿ ಕಾರ್ಡ್ ಮಾಡಿದ ಒಂದೊಂದು ಚಿತ್ರವೂ ಇಂಟೆಲ್ ಮೂಲಕ ಸುತ್ತಿಕೊಂಡು ಹೊರಗೆ ಬರಬೇಕು. 144ರಲ್ಲಿ ಒಂದು ಚಿತ್ರಕ್ಕೆ 6.94 ಮಿಲಿಸೆಕೆಂಡ್, 165ರಲ್ಲಿ 6.06. ಒಂದು ಮಿಲಿಸೆಕೆಂಡೂ ಉಳಿಯದ ಲಾಭಕ್ಕೆ ಎಫ್‌ಪಿಎಸ್ ಕಳೆದುಕೊಳ್ಳುವುದು ನನಗೆ ಸರಿ ಕಾಣಲಿಲ್ಲ. ಕೇಬಲ್ ವಾಪಸ್ ಕೊಟ್ಟೆ.

ಆಮೇಲಿನವು ಚಿಲ್ಲರೆ ಕಾಟ. ಒಂದು ದಿನ ತಮ್ಮ ವಿಂಡೋಸ್ ಗುಂಡಿ ಜೊತೆ ಪಿ ಒತ್ತಿ ಎರಡೂ ಸ್ಕ್ರೀನಿನಲ್ಲಿ ಒಂದೇ ಚಿತ್ರ ಬರುವಂತೆ ಮಾಡಿದ್ದ. ಮಾನಿಟರ್ ಲ್ಯಾಪ್‌ಟಾಪ್ ಜೊತೆ 60ಕ್ಕೆ ಇಳಿದಿತ್ತು. ಈಗ "ಸೆಕೆಂಡ್ ಸ್ಕ್ರೀನ್ ಓನ್ಲಿ" ಇಟ್ಟೇ ಆಡುವುದು. ಇನ್ನೊಂದು, ಎನ್‌ವಿಡಿಯಾ ಪಟ್ಟಿಯಲ್ಲಿ 1080ಪಿ ಎರಡು ಕಡೆ ಬರಬಹುದು. ಮೇಲಿನ ಟಿವಿ ಗುಂಪಿನಲ್ಲಿ 60 ಮಾತ್ರ ಕಂಡರೆ ಕೆಳಗೆ "ಪಿಸಿ" ಅನ್ನುವ ಗುಂಪಿನವರೆಗೆ ಇಳಿದು ನೋಡಿ.

ಕಳೆದ ವಾರ ಮತ್ತೆ ಗೇಮ್ ತಡವರಿಸಿತು. ಈ ಸಲ ಮೊದಲು ಮಾನಿಟರ್ ಮೆನು ತೆರೆದೆ. 144 ಹರ್ಟ್ಜ್. ಹಾಗಾದರೆ ಪೋರ್ಟು, ಕೇಬಲ್ಲು, ವಿಂಡೋಸ್ ಎಲ್ಲ ಸರಿ, ತೊಂದರೆ ಗೇಮ್ ಕಡೆ. ಎಫ್‌ಪಿಎಸ್ ನೋಡಿದರೆ 60ಕ್ಕೆ ಗೂಟ ಹೊಡೆದಂತೆ ನಿಂತಿದೆ. ವ್ಯಾಲೊರಂಟ್ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಮೇಲೆ ಓಡುವಾಗ ಎಫ್‌ಪಿಎಸ್ ಮಿತಿ ಇಡುವ ಆಯ್ಕೆ ಇದೆ, ಯಾವಾಗಲೋ ನಾನೇ 60 ಅಂತ ಹಾಕಿಟ್ಟಿದ್ದೆ. ಆದರೆ ಚಾರ್ಜರ್ ಹಾಕಿದೆಯಲ್ಲ? ಬಗ್ಗಿ ಮೇಜಿನ ಕೆಳಗೆ ನೋಡಿದೆ. ಚಾರ್ಜರ್ ಪ್ಲಗ್ ನೆಲದ ಮೇಲೆ ಮಲಗಿತ್ತು. ಅದರ ಜಾಗದಲ್ಲಿ ಸೊಳ್ಳೆ ಮಷೀನ್ ಉರಿಯುತ್ತಿತ್ತು.

"ಅಮ್ಮಾ!"

"ಸಾಯಂಕಾಲ ಆಯ್ತು ಕಣೋ, ಸೊಳ್ಳೆ ಬರಲ್ವಾ?" ಅಂದರು ಅಡುಗೆಮನೆಯಿಂದ.