ಮೀನಿನ ಪೆಟ್ಟಿಗೆಯಲ್ಲಿ ಬಸಳೆ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಬಾಲ್ಕನಿಯಲ್ಲಿ ಮಣ್ಣಿನ ಕುಂಡ ಇಟ್ಟರೆ ನೀರು ಸೋರಿ ಕೆಳಗಿನ ಮನೆಯವರ ಬಟ್ಟೆ ಮೇಲೆ ಬೀಳುತ್ತದೆ. ಎರಡು ಸಲ ಜಗಳ ಆದ ಮೇಲೆ ಮಣ್ಣಿನ ಸಹವಾಸವೇ ಬೇಡ ಅನಿಸಿತು.

ಮಣ್ಣಿಲ್ಲದೆ ನೀರಲ್ಲೇ ಗಿಡ ಬೆಳೆಸುವ, ಪಂಪು, ಪೈಪು ಬೇಡದ ಕ್ರಾಟ್ಕಿ ವಿಧಾನ ಹಿಡಿದೆ. ಹವಾಯಿ ವಿಶ್ವವಿದ್ಯಾಲಯದ ಕ್ರಾಟ್ಕಿ ಎಂಬವರು ರೂಪಿಸಿದ್ದು. ಪೆಟ್ಟಿಗೆ ತುಂಬ ಗೊಬ್ಬರದ ನೀರು, ಮುಚ್ಚಳಕ್ಕೆ ತೂತು, ತೂತಿನಲ್ಲಿ ಜಾಲರಿ ಕಪ್, ಅದರೊಳಗೆ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಗಿಡ. ಅಷ್ಟೇ. ಮೊದಲು ಪಾರದರ್ಶಕ ಡಬ್ಬ ಇಟ್ಟಿದ್ದೆ, ಬೆಳಕು ಬಿದ್ದು ವಾರದೊಳಗೆ ಪಾಚಿ. ಆಮೇಲೆ ಮೀನು ಮಾರುವ ಮಾವಶಿಯ ಹತ್ತಿರ ಥರ್ಮೋಕೋಲ್ ಪೆಟ್ಟಿಗೆ ಕೇಳಿ ತಂದೆ. ನಾಲ್ಕು ಸಲ ತೊಳೆದು, ಒಳಗೆ ಕಪ್ಪು ಪ್ಲಾಸ್ಟಿಕ್ ಹಾಸಿದೆ. ವಾಸನೆ ಪೂರ್ತಿ ಹೋಯ್ತು ಅಂತ ಹೇಳಲಾರೆ.

ಗೊಬ್ಬರ ಎ, ಬಿ ಅಂತ ಎರಡು ಬಾಟಲಿ. ಎರಡನ್ನೂ ಒಂದೇ ಲೋಟಕ್ಕೆ ಸುರಿದೆ, ಹಾಲು ಒಡೆದ ಹಾಗೆ ಬಿಳಿ ಗಸಿ ಕೂತಿತು. ಒಂದರ ಕ್ಯಾಲ್ಸಿಯಂ ಇನ್ನೊಂದರ ಸಲ್ಫೇಟ್, ಫಾಸ್ಫೇಟ್ ಜೊತೆ ಗಟ್ಟಿಯಾಗಿಬಿಡುತ್ತದೆ. ಒಂದನ್ನು ಬಕೆಟ್ ನೀರಿಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಇನ್ನೊಂದು. ನೀರಿನ ಹುಳಿ-ಕ್ಷಾರದ ಅಳತೆ, ಅಂದರೆ ಪಿಎಚ್, 5.5ರಿಂದ 6.5ರೊಳಗೆ ಇದ್ದರೆ ಸಾಕು.

ಪಾಲಕ್ ಬೀಜ ಹಾಕಿದೆ, ಬಿಸಿಲು ಸಾಲದೆ ನೂಲಿನ ಹಾಗೆ ಉದ್ದವಾಗಿ ಬಿದ್ದುಹೋಯಿತು. ಬಸಳೆ ದಂಟು ಮಾತ್ರ ಸುಮ್ನೆ ನೀರಲ್ಲಿಟ್ಟರೂ ಬೇರು ಬಿಟ್ಟಿತು. ಊರಲ್ಲಿ ಅಮ್ಮನಿಗೆ ಫೋನಲ್ಲಿ ಹೇಳಿದೆ. "ಸೆಗಣಿ ಗೊಬ್ಬರ ಇಲ್ಲದ ಬಸಳೆಗೆ ರುಚಿ ಉಂಟಾ ಮಗಾ?" ಅಂದರು.

ದೊಡ್ಡ ತಪ್ಪು ಮಾಡಿದ್ದು ಚೌತಿಗೆ ಊರಿಗೆ ಹೊರಟಾಗ. ನೀರು ಅರ್ಧಕ್ಕೆ ಇಳಿದಿತ್ತು. ಪಾಪ, ಒಣಗಬಾರದು ಅಂತ ಅಂಚಿನವರೆಗೂ ತುಂಬಿಸಿದೆ. ಆರು ದಿನ ಬಿಟ್ಟು ಬಂದರೆ ಪೆಟ್ಟಿಗೆ ತುಂಬ ನೀರಿದೆ, ಎಲೆ ಮಾತ್ರ ಜೋತುಬಿದ್ದಿದೆ! ಜಾಲರಿ ಕಪ್ ಎತ್ತಿದೆ. ಬೇರು ಕಂದು ಬಣ್ಣಕ್ಕೆ ತಿರುಗಿ ಲೋಳೆಲೋಳೆ, ಚರಂಡಿ ವಾಸನೆ. ನೀರು ಇಳಿದ ಹಾಗೆ ಮೇಲಿನ ಬೇರುಗಳು ಗಾಳಿಯಲ್ಲೇ ಉಸಿರಾಡಲು ಕಲಿತಿರುತ್ತವೆ. ಅವನ್ನು ಮುಳುಗಿಸಿದರೆ ಉಸಿರು ಕಟ್ಟದೆ ಇರುತ್ತದಾ? ಈಗ ಬೇಕಾದರೆ ತಳದಲ್ಲಿ ಸ್ವಲ್ಪ ಸೇರಿಸುತ್ತೇನೆ, ಮೇಲಿನ ನಾಲ್ಕು ಬೆರಳು ಜಾಗ ಖಾಲಿಯೇ.

ಹೊಸ ದಂಟುಗಳು ಈಗ ಗ್ರಿಲ್ ಹತ್ತಿವೆ. ಮೊದಲ ಕಟ್ಟು ಮಾವಶಿಗೆ ಒಯ್ದೆ. "ಅರೇ, ಮಾಯಾಳು!" (ಬಸಳೆಗೆ ಮರಾಠಿ ಹೆಸರು) ಅಂದವಳು, ನನ್ನ ಸಿಗಡಿಗೆ ಇನ್ನೊಂದು ಹಿಡಿ ಜಾಸ್ತಿ ಹಾಕಿದಳು.