ಮೇವು ಬಿಟ್ಟ ಮೊಲವನ್ನು ಮತ್ತೆ ಮೇವಿಗೆ ತಂದ ಬಗೆ

ನಮ್ಮ ಮನೆಯ ಮೊಲಕ್ಕೆ ಮೈ ಸರಿಯಿಲ್ಲವೆಂಬ ಮೊದಲ ಸುಳಿವು ನನಗೆ ಸಿಕ್ಕಿದ್ದು ಅದರ ಹಿಕ್ಕೆಯ ತಟ್ಟೆಯಲ್ಲಿ. ಗುಂಡ ಸುಮಾರು ಎರಡು ಕಿಲೋ ತೂಗುವ, ನಡುವಯಸ್ಸಿನ ಗಂಡು ಮೊಲ. ಬೆಳಿಗ್ಗೆ ತಟ್ಟೆ ಬದಲಿಸಲು ಹೋದಾಗ, ಕಡಲೆಕಾಳಿನ ಗಾತ್ರದ ದುಂಡನೆಯ ಹಿಕ್ಕೆಗಳ ರಾಶಿ ಇರಬೇಕಾದ ಕಡೆ ಅದರ ಅರ್ಧದಷ್ಟೂ ಇಲ್ಲದ, ಕಪ್ಪಗೆ ಗಟ್ಟಿಯಾದ, ಒಂದು ತುದಿ ಚೂಪಾದ ಕೆಲವೇ ಹಿಕ್ಕೆಗಳಿದ್ದವು. ಒಣಹುಲ್ಲು ಹಿಂದಿನ ರಾತ್ರಿ ತುಂಬಿದಂತೆಯೇ ಉಳಿದಿತ್ತು. ತಿನ್ನುವ ಆಸೆಯೇ ಇಲ್ಲವೆನ್ನುವಂತಿರಲಿಲ್ಲ. ನಾನು ಕೊತ್ತಂಬರಿ ಎಸಳು ಹಿಡಿದಾಗ ಹತ್ತಿರ ಬಂದು, ಬಾಯಿಗೆ ತೆಗೆದುಕೊಂಡು, ಒಂದೆರಡು ಸಲ ಅಗಿದು, ತಲೆಯನ್ನು ಓರೆ ಮಾಡಿ ಕೆಳಗೆ ಬೀಳಿಸಿತು. ಗದ್ದದ ಕೆಳಗಿನ ಕೂದಲು ಜೊಲ್ಲಿನಿಂದ ತೇವವಾಗಿತ್ತು. ಈ ಎರಡು ವಿವರಗಳನ್ನು ನಾನು ಬರೆದಿಟ್ಟುಕೊಂಡೆ, ಮುಂದೆ ರೋಗದ ಮೂಲ ಹುಡುಕಲು ಅವೇ ನೆರವಾದವು.

ಮೊಲ ಮೇವು ಬಿಡುವುದು ತಾನಾಗಿ ಒಂದು ರೋಗವಲ್ಲ, ಬೇರೆ ಯಾವುದೋ ನೋವಿನ ಅಥವಾ ಭಯದ ಫಲ. ಆದರೆ ಹಾಗೆ ಬಿಟ್ಟ ಮೇಲೆ ಅದೇ ಒಂದು ರೋಗವಾಗಿ ಬೆಳೆಯುತ್ತದೆ. ಮೊಲದ ಕರುಳು ನಾರಿನಂಶದ ತಳ್ಳುವಿಕೆಯಿಂದ ಸದಾ ಚಲಿಸುತ್ತಿರಬೇಕು. ಹೊಟ್ಟೆ ಕೆಟ್ಟರೆ ವಾಂತಿ ಮಾಡಿ ಹಗುರಾಗುವ ಶಕ್ತಿ ಅದಕ್ಕಿಲ್ಲ. ಚಲನೆ ನಿಧಾನವಾದಾಗ ಒಳಗಿನ ಮೇವು ನೀರಾರಿ ಗಟ್ಟಿಯಾಗುತ್ತದೆ, ಸೀಕಮ್ ಎಂಬ ದೊಡ್ಡ ಚೀಲದಲ್ಲಿ ಮೇವನ್ನು ಹುದುಗಿಸುವ ಸೂಕ್ಷ್ಮಜೀವಿಗಳ ಸಮತೋಲ ತಪ್ಪುತ್ತದೆ, ಅನಿಲ ತುಂಬಿ ಹೊಟ್ಟೆ ನೋಯುತ್ತದೆ, ಆ ನೋವಿಗೆ ಅದು ಇನ್ನಷ್ಟು ತಿನ್ನದಾಗುತ್ತದೆ. ಉಪವಾಸ ಮುಂದುವರಿದರೆ ಮೈಯ ಕೊಬ್ಬು ಯಕೃತ್ತಿಗೆ ಹರಿದು ಅಲ್ಲಿ ತುಂಬಿಕೊಳ್ಳುತ್ತದೆ, ಆ ಹಂತ ಮುಟ್ಟಿದ ಮೊಲವನ್ನು ಉಳಿಸುವುದು ಕಷ್ಟ. ಲಂಘನವೇ ಪರಮೌಷಧವೆಂಬ ಮಾತು ಮನುಷ್ಯರ ಅಜೀರ್ಣಕ್ಕೆ ಎಷ್ಟು ಒಪ್ಪುತ್ತದೋ ಕಾಣೆ, ಮೊಲದ ಮಟ್ಟಿಗೆ ಅದು ಪ್ರಾಣಕ್ಕೇ ಎರವಾಗುವ ಮಾತು. ಹತ್ತು ಹನ್ನೆರಡು ಗಂಟೆಗಳ ಕಾಲ ಮೊಲ ಏನೂ ತಿನ್ನದಿದ್ದರೆ ಅಥವಾ ಹಿಕ್ಕೆ ಹಾಕದಿದ್ದರೆ ನಾಳೆ ನೋಡೋಣವೆಂದು ಕಾಯುವ ಸಂದರ್ಭ ಅದಲ್ಲ.

ಪಶುವೈದ್ಯರೆಲ್ಲರೂ ಮೊಲಗಳನ್ನು ಹೆಚ್ಚಾಗಿ ನೋಡಿರುವುದಿಲ್ಲ, ಆದ್ದರಿಂದ ಮೊಲಗಳಿಗೆ ಚಿಕಿತ್ಸೆ ನೀಡಿ ರೂಢಿಯಿರುವವರ ಬಳಿಗೇ ಹೋದೆ. ಅವರು ಮೊದಲು ಹೊಟ್ಟೆಗೆ ಸ್ಟೆತಸ್ಕೋಪ್ ಇಟ್ಟು ಕರುಳಿನ ಸದ್ದು ಕೇಳಿದರು, ಆಮೇಲೆ ಮೈಯ ಉಷ್ಣತೆ ನೋಡಿದರು. ಆರೋಗ್ಯವಂತ ಮೊಲದಲ್ಲಿ ಅದು ಸಾಧಾರಣವಾಗಿ 38.5ರಿಂದ 39.5 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಗುಂಡನದು 38ಕ್ಕಿಂತ ಕೆಳಗಿಳಿದಿತ್ತು. ಕಾಯಿಲೆಯೆಂದರೆ ಜ್ವರವೆಂದು ತಿಳಿದಿರುವ ನಮಗೆ ಇದು ವಿಚಿತ್ರವೆನಿಸಬಹುದು, ಆದರೆ ಮೇವು ಬಿಟ್ಟ ಮೊಲದಲ್ಲಿ ಮೈ ತಣ್ಣಗಾಗುವುದೇ ಹೆಚ್ಚು ಅಪಾಯದ ಸೂಚನೆ. ಬಳಿಕ ಎಕ್ಸ್-ರೇ ತೆಗೆದರು. ಕರುಳು ನಿಧಾನವಾಗಿದೆಯೋ ಅಥವಾ ಕೂದಲಿನ ಉಂಡೆಯೋ ಬಟ್ಟೆಯ ಚೂರೋ ಸಿಕ್ಕಿಕೊಂಡು ಅಡ್ಡಗಟ್ಟಿದೆಯೋ ಎಂಬುದು ತಿಳಿಯದೆ ಬಲವಂತವಾಗಿ ಉಣಿಸಬಾರದು, ಏಕೆಂದರೆ ದಾರಿ ಕಟ್ಟಿದ್ದರೆ ಉಣಿಸಿದ್ದೆಲ್ಲ ಜಠರದಲ್ಲಿ ನಿಂತು ಅದು ಬಿರಿಯುವ ಅಪಾಯವಿರುತ್ತದೆ. ರಕ್ತದಲ್ಲಿನ ಸಕ್ಕರೆಯ ಪ್ರಮಾಣವನ್ನೂ ಇದೇ ಕಾರಣಕ್ಕೆ ನೋಡಿದರು. ಅದು ತೀರ ಏರಿದ್ದರೆ ಅಡಚಣೆಯ ಅನುಮಾನ ಬಲಗೊಳ್ಳುತ್ತದೆ. ಗುಂಡನಲ್ಲಿ ಅಡಚಣೆ ಇರಲಿಲ್ಲ.

ಮೂಲ ಕಾರಣ ಇದ್ದದ್ದು ಬಾಯೊಳಗೆ. ಮೊಲದ ಹಲ್ಲುಗಳು ಬಾಚಿಹಲ್ಲಿನಿಂದ ದವಡೆಹಲ್ಲಿನವರೆಗೆ ಆಯುಷ್ಯವಿಡೀ ಬೆಳೆಯುತ್ತಲೇ ಇರುತ್ತವೆ, ಒರಟು ಹುಲ್ಲನ್ನು ಅಡ್ಡಡ್ಡವಾಗಿ ಅರೆಯುವಾಗ ಮಾತ್ರ ಸವೆಯುತ್ತವೆ. ಸವೆತ ಒಂದೇ ಸಮನಾಗಿಲ್ಲದಿದ್ದರೆ ಕೆಳದವಡೆಯ ಹಲ್ಲುಗಳ ಅಂಚು ನಾಲಿಗೆಯ ಕಡೆಗೂ ಮೇಲ್ದವಡೆಯವು ಕೆನ್ನೆಯ ಕಡೆಗೂ ಮೊನೆಯಾಗಿ ಬೆಳೆಯುತ್ತವೆ. ಕಿವಿ ನೋಡುವ ದೀಪದ ಉಪಕರಣವನ್ನೇ ಬಾಯಿಯ ಪಕ್ಕದಿಂದ ತೂರಿಸಿ ನೋಡಿದಾಗ ಬಲಗಡೆಯ ಒಂದು ಮೊನೆ ನಾಲಿಗೆಯ ಅಂಚನ್ನು ಗೀರಿ ಹುಣ್ಣು ಮಾಡಿದ್ದು ಕಂಡಿತು. ಎಸಳನ್ನು ಬಾಯಿಗಿಟ್ಟು ಬೀಳಿಸುತ್ತಿದ್ದುದು, ಗದ್ದ ಒದ್ದೆಯಾಗಿದ್ದುದು ಅದರಿಂದಲೇ. ಮೊದಲು ನೀರಿನಂಶ, ಶಾಖ, ನೋವುನಿವಾರಕ ಕೊಟ್ಟು ಮೈ ಸುಧಾರಿಸಿದ ಮೇಲಷ್ಟೇ ಅರಿವಳಿಕೆ ನೀಡಿ ಮೊನೆಗಳನ್ನು ಅರೆದು ತೆಗೆದರು. ನಾಯಿ ಬೆಕ್ಕುಗಳಂತೆ ಅರಿವಳಿಕೆಗೆ ಮುನ್ನ ಮೊಲವನ್ನು ರಾತ್ರಿಯಿಡೀ ಖಾಲಿ ಹೊಟ್ಟೆಯಲ್ಲಿ ಇಡುವುದಿಲ್ಲ. ವಾಂತಿಯ ಭಯವೇ ಇಲ್ಲದ ಪ್ರಾಣಿಗೆ ಉಪವಾಸದಿಂದ ಆಗುವುದು ಕೇಡು ಮಾತ್ರ.

ಇಷ್ಟು ವೈದ್ಯರ ಕೆಲಸ. ಉಳಿದದ್ದು ಮನೆಯಲ್ಲಿ ಆಗಬೇಕಿತ್ತು, ನನ್ನ ದೃಷ್ಟಿಯಲ್ಲಿ ಮೊಲ ಬದುಕುವುದು ಬಿಡುವುದು ಬಹುಪಾಲು ಅಲ್ಲಿಯೇ ತೀರ್ಮಾನವಾಗುತ್ತದೆ.

ರೋಗಿ ಮೊಲಗಳಿಗೆಂದೇ ಸಿಗುವ, ನಾರಿನಂಶ ಹೆಚ್ಚಿರುವ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ ಸಿರಿಂಜಿನಿಂದ ಉಣಿಸಬೇಕಿತ್ತು. ಪುಡಿ ಕೈಗೆ ಸಿಗದ ಹೊತ್ತಿನಲ್ಲಿ ದಿನನಿತ್ಯ ಕೊಡುವ ಗುಳಿಗೆಯಾಕಾರದ ಮೇವಾದ ಪೆಲೆಟ್‌ಗಳನ್ನೇ ನೆನೆಸಿ ನುಣ್ಣಗೆ ಅರೆದು ಬಳಸಬಹುದು. ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ಸುಮಾರು 50 ಮಿಲಿಲೀಟರ್ ಎಂಬ ಲೆಕ್ಕದಲ್ಲಿ ಗುಂಡನಿಗೆ 100 ಮಿಲಿಲೀಟರ್ ಬೇಕಾಗುತ್ತಿತ್ತು, ಅದನ್ನು ನಾಲ್ಕೈದು ಹೊತ್ತಿಗೆ ಹಂಚುತ್ತಿದ್ದೆ. ನೆಲದ ಮೇಲೆ ಮಂಡಿಯೂರಿ ಕುಳಿತು, ಟವೆಲ್ ಸುತ್ತಿದ ಮೊಲವನ್ನು ನನ್ನ ತೊಡೆಗಳ ನಡುವೆ ಅದರ ಮುಖ ಹೊರಗೆ ಬರುವಂತೆ ಕೂರಿಸಿಕೊಂಡರೆ ಅದಕ್ಕೆ ಹಿಂದೆ ಸರಿಯಲು ಜಾಗವಿರುವುದಿಲ್ಲ, ಮೇಲಿಂದ ಬೀಳುವ ಭಯವೂ ಇರುವುದಿಲ್ಲ. ಹಿಂಗಾಲುಗಳಿಗೆ ಆಧಾರ ಇರಲೇಬೇಕು. ಹೆದರಿದ ಮೊಲ ಜೋರಾಗಿ ಒದೆದರೆ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳಬಲ್ಲದು. ಬಾಚಿಹಲ್ಲಿಗೂ ದವಡೆಹಲ್ಲಿಗೂ ನಡುವೆ ಹಲ್ಲಿಲ್ಲದ ಜಾಗವೊಂದಿದೆ. ಸಿರಿಂಜಿನ ತುದಿಯನ್ನು ಬಾಯಿಯ ಪಕ್ಕದಿಂದ ಅಲ್ಲಿಗೆ ತೂರಿಸಿ, ಗಂಟಲಿನ ಕಡೆಗಲ್ಲದೆ ಎದುರು ಕೆನ್ನೆಯ ಕಡೆಗೆ ತಿರುಗಿಸಿ, ಅರ್ಧ ಮಿಲಿಲೀಟರ್‌ನಷ್ಟು ಒತ್ತಿ, ಅದು ಅಗಿದು ನುಂಗುವುದನ್ನು ಕಣ್ಣಾರೆ ಕಂಡ ಮೇಲೆಯೇ ಮತ್ತೆ ಒತ್ತುತ್ತಿದ್ದೆ. ಮೊಲವನ್ನು ಮಗುವಿನಂತೆ ಅಂಗಾತ ಮಲಗಿಸಿ ಉಣಿಸಿದರೆ ಆಹಾರ ಶ್ವಾಸಕೋಶಕ್ಕೆ ಇಳಿಯುತ್ತದೆ. ಉಸಿರಾಟಕ್ಕೆ ಅದು ಮೂಗನ್ನೇ ನಂಬಿರುವುದರಿಂದ ಮೂಗಿನ ಹೊಳ್ಳೆಗೆ ಅಂಟಿದ್ದನ್ನು ಆಗಿಂದಾಗ್ಗೆ ಒರೆಸುವುದೂ ಅಷ್ಟೇ ಮುಖ್ಯ.

ಉಣಿಸುವ ಹೊತ್ತನ್ನು ನೋವಿನ ಔಷಧದ ಹೊತ್ತಿಗೆ ಹೊಂದಿಸಿಕೊಂಡದ್ದು ಬಹಳ ಉಪಯೋಗಕ್ಕೆ ಬಂತು. ಮೆಲಾಕ್ಸಿಕ್ಯಾಮ್ ಕೊಟ್ಟು ಮುಕ್ಕಾಲು ಗಂಟೆ ಕಳೆದ ಮೇಲೆ ಸಿರಿಂಜು ಹಿಡಿದರೆ ಅದೇ ಮೊಲ ಅರ್ಧದಷ್ಟೂ ಹಟ ಮಾಡುತ್ತಿರಲಿಲ್ಲ. ಕಣ್ಣು ಅರೆಮುಚ್ಚಿರುವುದು, ಕಿವಿಗಳು ಬೆನ್ನಿಗೆ ಒತ್ತಿಕೊಂಡಿರುವುದು, ಬೆನ್ನು ಗೂನು ಮಾಡಿ ಕೂರುವುದು, ಕಟಕಟನೆ ಜೋರಾಗಿ ಹಲ್ಲು ಕಡಿಯುವುದು ನೋವಿನ ಗುರುತುಗಳು. ನೇವರಿಸುವಾಗ ಕೇಳುವ ಮೆಲುವಾದ ಹಲ್ಲುಸದ್ದು ಸಂತೋಷದ್ದು, ಎರಡನ್ನೂ ಬೇರ್ಪಡಿಸಿ ಗುರುತಿಸಲು ಕಿವಿ ಪಳಗಬೇಕು. ಔಷಧದ ಪ್ರಮಾಣವನ್ನು ನಾಯಿ ಬೆಕ್ಕುಗಳ ಲೆಕ್ಕದಲ್ಲಿ ಊಹಿಸಬಾರದು, ಮನೆಯಲ್ಲಿರುವ ಮನುಷ್ಯರ ಮಾತ್ರೆಗಳನ್ನಂತೂ ಮುಟ್ಟಬಾರದು. ಆಂಟಿಬಯೋಟಿಕ್ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು ಬೇಕು: ಬಾಯಿಯ ಮೂಲಕ ಕೊಡುವ ಪೆನಿಸಿಲಿನ್, ಅಮಾಕ್ಸಿಸಿಲಿನ್, ಕ್ಲಿಂಡಮೈಸಿನ್‌ಗಳು ಮೊಲದ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು ಮಾರಕವಾದ ಭೇದಿಗೆ ಎಡೆಮಾಡಿಕೊಡುತ್ತವೆ. ಹೊಟ್ಟೆಯನ್ನು ನೀವುವುದರ ಬಗ್ಗೆ ಹಲವರು ಭರವಸೆಯಿಂದ ಮಾತನಾಡುತ್ತಾರೆ. ನೋಯುತ್ತಿರುವ ಹೊಟ್ಟೆಯನ್ನು ಒತ್ತಲು ನನಗೆ ಮನಸ್ಸಾಗಲಿಲ್ಲ. ಅದರ ಬದಲು ಕೋಣೆಯಲ್ಲಿ ಜಾರದ ಚಾಪೆ ಹಾಸಿ ತಾನಾಗಿ ಓಡಾಡಲು ಬಿಟ್ಟೆ, ಕರುಳು ಚಲಿಸಲು ಅದು ಹೆಚ್ಚು ಸಹಜವಾದ ದಾರಿಯೆಂದು ಈಗಲೂ ನಂಬಿದ್ದೇನೆ.

ಮೈ ತಣ್ಣಗಿದ್ದ ಆರಂಭದ ದಿನಗಳಲ್ಲಿ ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಹಾಸಿಗೆಯ ಒಂದು ಬದಿಗೆ ಮಾತ್ರ ಇಡುತ್ತಿದ್ದೆ, ಸೆಕೆಯೆನಿಸಿದರೆ ದೂರ ಸರಿಯಲು ಜಾಗ ಇರಲೆಂದು. ನೀರನ್ನು ಬಾಟಲಿಯ ಬದಲು ಅಗಲ ಬಟ್ಟಲಿನಲ್ಲಿ ಇಟ್ಟರೆ ಮೊಲ ಹೆಚ್ಚು ಕುಡಿಯುತ್ತದೆ.

ಜೊತೆಗಾತಿ ಮಲ್ಲಿಯನ್ನು ಆಸ್ಪತ್ರೆಗೂ ಕರೆದೊಯ್ದಿದ್ದೆ. ಜೋಡಿ ಮೊಲಗಳಲ್ಲಿ ಒಂದನ್ನೇ ಕೆಲದಿನ ಬೇರೆಡೆ ಇಟ್ಟು ಅಪರಿಚಿತ ವಾಸನೆಯೊಂದಿಗೆ ಮರಳಿ ತಂದರೆ ಅವು ಒಂದನ್ನೊಂದು ಗುರುತಿಸದೆ ಕಾದಾಡುವುದುಂಟು. ಆದರೆ ಒಟ್ಟಿಗಿದ್ದರೆ ಯಾವ ಹಿಕ್ಕೆ ಯಾರದೆಂದು ತಿಳಿಯುವುದಿಲ್ಲ. ಆದ್ದರಿಂದ ನಡುವೆ ತಂತಿಬಲೆ ಹಾಕಿ, ಮೂಗು ತಾಗಿಸಿಕೊಳ್ಳುವಷ್ಟು ಹತ್ತಿರದಲ್ಲಿ, ಬೇರೆ ಬೇರೆ ತಟ್ಟೆಗಳಲ್ಲಿ ಇರಿಸಿದೆ. ನೋಟ್‌ಬುಕ್ಕಿನಲ್ಲಿ ಹೊತ್ತು, ಉಣಿಸಿದ ಪ್ರಮಾಣ, ಹಿಕ್ಕೆಗಳ ಗಾತ್ರ, ಬೆಳಗಿನ ತೂಕ ಇವಿಷ್ಟನ್ನು ದಾಖಲಿಸುತ್ತಿದ್ದೆ. ಚೇತರಿಕೆ ಒಂದೇ ಗತಿಯಲ್ಲಿ ಬರಲಿಲ್ಲ. ಮೊದಲು ಲೋಳೆ ಸುತ್ತಿದ ಪುಟ್ಟ ಹಿಕ್ಕೆಗಳು, ಆಮೇಲೆ ಕೂದಲೆಳೆಯಿಂದ ಪೋಣಿಸಿಕೊಂಡ ಸರಗಳು, ಮತ್ತೆ ಒಂದು ದಿನ ಏನೂ ಇಲ್ಲದಷ್ಟು ಕಡಿಮೆ, ಬಳಿಕ ದೊಡ್ಡವು ಚಿಕ್ಕವು ಬೆರೆತ ರಾಶಿ. ಕೆಲವು ಮುಂಜಾವುಗಳಲ್ಲಿ ದ್ರಾಕ್ಷಿಗೊಂಚಲಿನಂಥ ಮೆತ್ತನೆಯ, ಹೊಳಪಿನ ಹಿಕ್ಕೆ ಹಿಂಭಾಗದ ಕೂದಲಿಗೆ ಅಂಟಿಕೊಂಡಿರುತ್ತಿತ್ತು. ಇದು ಭೇದಿಯಲ್ಲ, ಸೀಕಮ್‌ನಲ್ಲಿ ತಯಾರಾಗುವ ಪೌಷ್ಟಿಕವಾದ ಈ ಹಿಕ್ಕೆಯನ್ನು ಮೊಲ ನೇರವಾಗಿ ಬಾಯಿಂದಲೇ ತೆಗೆದುಕೊಂಡು ನುಂಗಬೇಕು, ನಿಶ್ಶಕ್ತಿಯಿಂದ ಬಗ್ಗಲಾಗದಿದ್ದಾಗ ಉಳಿದುಬಿಡುತ್ತದೆ. ಅಷ್ಟು ಜಾಗವನ್ನು ಮಾತ್ರ ಒದ್ದೆ ಬಟ್ಟೆಯಿಂದ ಒರೆಸಿ ಆರಿಸಿದೆ. ಮೊಲಕ್ಕೆ ಸ್ನಾನ ಮಾಡಿಸಬಾರದು, ಆದರೆ ಕೊಳೆ ಹಾಗೇ ಉಳಿದರೆ ನೊಣ ಮೊಟ್ಟೆಯಿಡುತ್ತದೆ.

ಸಿರಿಂಜನ್ನು ಯಾವಾಗ ಬಿಡುವುದೆಂಬ ನಿರ್ಧಾರವೇ ಇಡೀ ಆರೈಕೆಯಲ್ಲಿ ಅತಿ ಸೂಕ್ಷ್ಮವಾದದ್ದು. ಸೊಪ್ಪಿನ ಎಸಳು ತಿಂದಿತೆಂದು ಹಿಗ್ಗಿ ಕೈಬಿಡುವವರು ಹಲವರು. ಸೊಪ್ಪು ನಾಲಿಗೆಗೆ ಮೆತ್ತಗಿರುತ್ತದೆ, ಹುಣ್ಣಿರುವ ಬಾಯಿಗೂ ಅದು ಸಾಧ್ಯ; ಒಣಹುಲ್ಲು ಅರೆಯುವುದೇ ಬೇರೆ. ನಾನು ಮೃದುವಾದ ಒಣಹುಲ್ಲನ್ನು ಕತ್ತರಿಯಿಂದ ಎರಡು ಬೆರಳಗಲಕ್ಕೆ ತುಂಡರಿಸಿ ಹರಡಿ, ಅದು ಎಷ್ಟು ಕರಗಿತೆಂದು ನೋಡಿ, ಅದಕ್ಕೆ ತಕ್ಕಂತೆ ಒಂದೊಂದು ಹೊತ್ತಿನ ಸಿರಿಂಜನ್ನು ಕಡಿಮೆ ಮಾಡುತ್ತ ಬಂದೆ. ತೂಕ ಇಳಿದರೆ ಮತ್ತೆ ಒಂದು ಹೊತ್ತು ಸೇರಿಸುತ್ತಿದ್ದೆ. ಪೆಲೆಟ್‌ಗಳನ್ನು ಮಾತ್ರ ಕೊನೆಗೆ ಕೊಟ್ಟೆ, ಏಕೆಂದರೆ ಅವುಗಳಿಂದ ಹೊಟ್ಟೆ ತುಂಬಿದ ಮೊಲ ಹುಲ್ಲಿನ ಕಡೆ ತಿರುಗಿಯೂ ನೋಡುವುದಿಲ್ಲ.

ಒಮ್ಮೆ ಮೊನೆ ಬೆಳೆದ ಬಾಯಲ್ಲಿ ಅದು ಮರುಕಳಿಸುವುದೇ ಹೆಚ್ಚು. ಹೀಗಾಗಿ ಗುಂಡನ ದವಡೆಹಲ್ಲುಗಳನ್ನು ವೈದ್ಯರು ಗೊತ್ತುಪಡಿಸಿದ ಅಂತರದಲ್ಲಿ ನೋಡಿಸುತ್ತೇನೆ, ಪ್ರತಿ ವಾರವೂ ತೂಗುತ್ತೇನೆ. ಮತ್ತೊಮ್ಮೆ ಮೊನೆ ಬೆಳೆದದ್ದು ಗೊತ್ತಾದದ್ದು ತೂಕ ಇಳಿಮುಖವಾದದ್ದರಿಂದಲೇ. ಆಗಿನ್ನೂ ಅದು ಮೇವು ಬಿಟ್ಟಿರಲಿಲ್ಲ, ಆದ್ದರಿಂದ ಹಲ್ಲು ಅರೆಸಿದ ಬಳಿಕದ ಆರೈಕೆ ತೀರ ಕಡಿಮೆಯಲ್ಲಿ ಮುಗಿಯಿತು. ಮನೆಯಲ್ಲಿ ಈಗ ಉಣಿಸುವ ಪುಡಿಯ ಒಂದು ಪೊಟ್ಟಣ, ಚಿಕ್ಕ ಸಿರಿಂಜುಗಳು, ಡಿಜಿಟಲ್ ಥರ್ಮಾಮೀಟರ್, ರಾತ್ರಿಯಲ್ಲೂ ಮೊಲಗಳನ್ನು ನೋಡುವ ಆಸ್ಪತ್ರೆಯ ದೂರವಾಣಿ ಸಂಖ್ಯೆ ಒಂದೇ ಡಬ್ಬಿಯಲ್ಲಿವೆ. ಉಳಿದ ಔಷಧವನ್ನು ಅದರಲ್ಲಿ ಇಡುವುದಿಲ್ಲ, ಪುಡಿಯ ಅವಧಿ ಮುಗಿಯುವ ದಿನಾಂಕವನ್ನು ಡಬ್ಬಿಯ ಮುಚ್ಚಳದ ಮೇಲೆ ದೊಡ್ಡದಾಗಿ ಬರೆದಿಟ್ಟಿದ್ದೇನೆ.